ಐದು ಹೆಡೆಯ ಹಾವು

ಹಿಂದೆ ಹಿಂದೆ, ಸತ್ತವರೆಲ್ಲ ಚಂದ್ರನ ಮೇಲೆ ಮನೆಗೊಂದರಂತೆ ಇಟ್ಟ ಸರ್ವರಿನಲ್ಲಿ ಬಾಳುತ್ತಿದ್ದ ಕಾಲದಲ್ಲಿ, ಮೇದಿನಿ ಎಂಬ ಹುಡುಗಿಯ ಅಜ್ಜಿಯೂ ಅಲ್ಲೇ ಇದ್ದಳು. ಸರ್ವರನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲ್ ಹಳತಾದರೆ ಸತ್ತವರು ಇನ್ನೊಮ್ಮೆ ಸಾಯುತ್ತಿದ್ದರು. ಹೊಸದನ್ನು ಮನೆಯವರೇ ಭೂಮಿಯಿಂದ ಹಾಕಬೇಕಿತ್ತು. ಪಕ್ಕದ ಮನೆಯವರು ಹಾಕಿದಾಗ ಅವರ ತಾತ ಎದ್ದರು, ಆದರೆ ಎಲ್ಲದಕ್ಕೂ ಬರೀ ‘ಹೂಂ’ ಎನ್ನತೊಡಗಿದರು. ಅದಕ್ಕೇ ಮೇದಿನಿ ದಿನ ದೂಡುತ್ತಿದ್ದಳು.

“ಹೊಸದು ಹಾಕ್ತೀನಿ ಅಂತ ಮಾತು ಕೊಟ್ಟಿದ್ದೀಯ, ಮುಗಿಸೇ,” ಎಂದು ಅಜ್ಜಿ ಗದರಿದ ಮೇಲೆ ಕೊನೆಗೊಂದು ದಿನ, ಕೆಟ್ಟರೆ ಮರಳಿ ಹಾಕಲೆಂದು ಹಳೆಯದನ್ನು ಉಳಿಸಿಕೊಂಡು, ಹೊಸ ಕರ್ನಲ್ ಹಾಕಿ ಸರ್ವರ್ ರೀಸ್ಟಾರ್ಟ್ ಮಾಡಿದಳು. ಅಜ್ಜಿ ಕಾಣುತ್ತಿದ್ದ ತೆರೆ ಕಪ್ಪಾಯಿತು. ಅಳು ಬರಲಿಲ್ಲ. ತಟ್ಟೆಯಲ್ಲಿದ್ದ ಉಪ್ಪಿಟ್ಟು ತಿಂದಳು, ರುಚಿ ಗೊತ್ತಾಗಲಿಲ್ಲ. ತೆರೆ ಬೆಳಗಿದಾಗ, ಎಲ್ಲರೂ ಪರೀಕ್ಷಿಸುವ ಹಾಗೆ, ಅಜ್ಜಿಯದೇ ಕತೆಯನ್ನು ಬೇಕೆಂದೇ ತಪ್ಪಾಗಿ ಹೇಳತೊಡಗಿದಳು.

“ಏಳು ಹೆಡೆಯ ಹಾವಿನ ಕತೆ ಹೇಳ್ತೀನಿ ಅಜ್ಜೀ. ಅದಕ್ಕೆ ಐದು ಹೆಡೆ ಇತ್ತಂತೆ.”

“ಹೂಂ.”

ಮೇದಿನಿಗೆ ಏನೂ ಅನ್ನಿಸಲಿಲ್ಲ. “ಆ ಐದೂ ಹೆಡೆ ಎತ್ತಿ...”

“ಏಳು ಕಣೇ ಹುಚ್ಚೀ! ಬಾಯಿತಪ್ಪಿ ಅಂದ್ಯೇನೋ ಅಂತ ಆಗ ಸುಮ್ನೆ ಹೂಂ ಅಂದೆ.”

ಜೋಮು ಹಿಡಿದಿದ್ದ ಬೆರಳಿನಿಂದಲೇ ಮೇದಿನಿ ಹಳೆಯ ಕರ್ನಲನ್ನು ಅಳಿಸಿದಳು.