ನಾಲ್ಕನೆಯ ಚಕ್ರ

"ಏನ್ ಹೊಳೀತೈತೆ ನೋಡು ಪುಟ್ಟಿ! ನನ್ ಮುಖಾನೇ ಕಾಣ್ತೈತೆ," ಎಂದ ಬೆಟ್ಟಸ್ವಾಮಿ, ತೊಡೆಯ ಮೇಲಿದ್ದ ಕಾರಿನ ಚಕ್ರವನ್ನು ಹಳೇ ಬನಿಯನ್ನಿನಿಂದ ಉಜ್ಜುತ್ತಾ. ನೀರಿನ ಬಕೆಟ್ ಹಿಡಿದು ಬಂದ ಪುಟ್ಟತಾಯಮ್ಮ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟಳು. ಗಂಡನ ಕೈಯಲ್ಲಿದ್ದದ್ದು ಇನ್ನೂ ಬಣ್ಣ ಕೆರೆಯದ ಚಕ್ರ, ಕಾಡಿಗೆಯಷ್ಟು ಕಪ್ಪು.

ತಾನು ಬಾಡಿಗೆಗೆ ಓಡಿಸುತ್ತಿದ್ದ ಫಿಯೆಟ್ ಕಾರಿಗೆಂದು ಅವನು ಆ ನಾಲ್ಕು ಅಲ್ಯುಮಿನಿಯಂ ಚಕ್ರಗಳನ್ನು ಬೆಂಗಳೂರಿನ ಗುಜರಿಯಿಂದ ತಂದಿದ್ದ. ಇಬ್ಬರೂ ಮೂರು ದಿನ ಕೂತು, ಪೇಂಟ್ ರಿಮೂವರ್ ಬಳಿದು, ಉಬ್ಬಿದ ಬಣ್ಣ ಕೆರೆದು, ಪಾಲಿಶ್ ಹಾಕಿ ಮೂರನ್ನು ಬೆಳ್ಳಿಯಂತೆ ಮಾಡಿದ್ದರು. ಸಕ್ಕರೆ ಕಾಯಿಲೆಗೆ ಕಣ್ಣು ಸ್ವಲ್ಪ ಮಂಜಾಗಿದೆ ಎಂದಷ್ಟೇ ಅವನು ಹೇಳಿದ್ದ.

ಅವಳು ಎದುರಿಗೆ ಬಂದು ಕೂತಳು. "ಅದು ಕರೀ ಚಕ್ರ. ಎಷ್ಟ್ ದಿನದಿಂದ ಹಿಂಗೆ?"

ಉಜ್ಜುತ್ತಿದ್ದ ಕೈ ನಿಂತಿತು. ಅವನು ಉಗುರಿನಿಂದ ಕೆರೆದು ನೋಡಿದ. ಬಣ್ಣದ ಸಿಪ್ಪೆ ಬೆರಳಿಗೆ ಹತ್ತಿತು. "ಯುಗಾದಿಯಿಂದ," ಎಂದ. "ನಾಳೆ ಗುಬ್ಬಿ ಮದ್ವೆಗೆ ಇದೊಂದ್ ಟ್ರಿಪ್ ಹೋಗ್ಬರ್ತೀನಿ ಕಣೆ. ರೋಡು ನಂಗೆ ಬಾಯಿಪಾಠ."

"ಗಾಡೀಲಿ ಕೂರೋದು ಮದ್ವೆ ಹುಡ್ಗಿ," ಎಂದಳು.

ಅವನು ಚಕ್ರವನ್ನು ತೊಡೆಯಿಂದ ಕೆಳಗಿಳಿಸಿದ. ಆಮೇಲೆ ಜೇಬಿನಿಂದ ಕಾರಿನ ಕೀ ತೆಗೆದು, ಅವಳ ಮಡಿಲನ್ನು ತಡಕಿ ಅದರಲ್ಲಿ ಇಟ್ಟ.