ಹಾಳೆಯಾಚೆಯ ಹಾಡಿ

ಚಾರ್ಟ್ ಶೀಟ್ ಮುಗಿದರೂ ಬೊಮ್ಮಿಯ ಬೆರಳು ನಿಲ್ಲಲಿಲ್ಲ. ಕೆಮ್ಮಣ್ಣಿನ ಗೆರೆ ಹಾಳೆಯ ಅಂಚು ದಾಟಿ ಹುಣಸೂರಿನ ಕಚೇರಿಯ ಬಿಳಿ ಟೈಲ್ಸ್ ಮೇಲೆ ಹರಿಯಿತು. ಮೊಮ್ಮಗಳು ಗೌತಮಿ ಅವಳ ತೋಳು ಹಿಡಿದಳು. ಕಾಡಿನೊಳಗಿನ ಹಳೆಯ ಹಾಡಿ ಜೇನು ಕುರುಬರದೆಂದು ತೋರಿಸಲು ಇದೇ ಕೊನೆಯ ವಿಚಾರಣೆ.

"ನಿಲ್ಸಜ್ಜಿ, ನೆಲವೆಲ್ಲ ಗಲೀಜಾಯ್ತು. ಬೈತಾರೆ."

"ಕಾಗ್ದ ಸಣ್ದು ಕಣವ್ವ. ಹಾಡಿ ಸಣ್ದಾ?"

ಕುರ್ಚಿಯಲ್ಲಿದ್ದ ಅಧಿಕಾರಿ ಕೃಷ್ಣಕುಮಾರ್ ಗಡಿಯಾರ ನೋಡಿದರು. "ಚಿತ್ರ ಚೆನ್ನಾಗಿದೆಯಮ್ಮ. ಜೇನುಮರ, ಕೆರೆ, ದೇವರ ಕಲ್ಲು ಎಲ್ಲ ಇದೆ. ಸಮಾಧಿಗಳೆಲ್ಲಿ? ನೀವಲ್ಲಿ ಬಾಳಿದ್ದಕ್ಕೆ ಅದೇ ಗುರುತು. ಅದಿಲ್ಲದೆ ನಾನೇನು ಬರೀಲಿ?"

ಗೌತಮಿ ಬಾಗಿ ಹಾಳೆಯಿಡೀ ಹುಡುಕಿದಳು. ಸಮಾಧಿಗಳಿರಲಿಲ್ಲ. ಹಾಡಿ ಬಿಟ್ಟು ಬಂದು ಇಪ್ಪತ್ತಾರು ವರ್ಷ. ಅಜ್ಜಿ ಮರೆತೇಬಿಟ್ಟಳೇ? ಕೃಷ್ಣಕುಮಾರ್ ಪೆನ್ನಿನ ಮುಚ್ಚಳ ಹಾಕಿದರು.

ಬೊಮ್ಮಿ ಕಿಟಕಿಯತ್ತ ತಿರುಗಿ ಕಾಡಿರುವ ದಿಕ್ಕನ್ನೊಮ್ಮೆ ನೋಡಿಕೊಂಡಳು. ಕೆಮ್ಮಣ್ಣು ಕಲಸಿಟ್ಟ ಕರಟದೊಳಗೆ ಬೆರಳದ್ದಿ, ದೇವರ ಕಲ್ಲಿನಿಂದ ಮೊಳ ಹಾಕುತ್ತ, ಮಂಡಿಯೂರಿಕೊಂಡೇ ಮುಂದೆ ಸರಿದಳು. ಗೆರೆ ಅಧಿಕಾರಿಯ ಬೂಟಿನ ಹತ್ತಿರ ಬಂದು ನಿಂತಿತು. ಆಕೆ ತಲೆಯೆತ್ತಿದಳು.

"ವಸಿ ಏಳಿ ಸ್ವಾಮಿ. ನಮ್ಮವ್ವನ ಮ್ಯಾಲೆ ಕೂತಿದ್ದೀರಿ."

ಗೌತಮಿ ಅಜ್ಜಿಯನ್ನು ಎಬ್ಬಿಸಲು ಬಾಗಿದಳು. ಇನ್ನೇನು ಕೂಗಾಡುತ್ತಾರೆ, ಕಾಗದ ಮಡಚಿ ಹೊರಗೆ ಕಳಿಸುತ್ತಾರೆ ಅಂದುಕೊಂಡಳು. ಕೃಷ್ಣಕುಮಾರ್ ತಮ್ಮ ಕಾಲಡಿಯನ್ನು ನೋಡಿದರು. ಆಮೇಲೆ ಮೆಲ್ಲಗೆ ಎದ್ದು, ಕುರ್ಚಿಯನ್ನು ಎಳೆಯದೆ, ಎರಡೂ ಕೈಯಲ್ಲಿ ಎತ್ತಿ ಆಚೆಗಿಟ್ಟರು.