ಕೆನ್ನೆಗಾನಿಸಿದ ಸ್ಕೀ

"ಕಂಪನಿ ಹೆಸರು ಕಾಣ್ತಿಲ್ಲ, ಸ್ಕೀ ಇನ್ನೊಂಚೂರು ಮೇಲೆತ್ತಮ್ಮ," ಎಂದ ಕ್ಯಾಮೆರಾದವನು. ಹಿಮದಿಳಿಜಾರಿನ ಸ್ಪರ್ಧೆಯಲ್ಲಿ ತನ್ನ ಸರದಿ ಮುಗಿಸಿ ಸದ್ಯಕ್ಕೆ ಮೊದಲ ಸ್ಥಾನದಲ್ಲಿದ್ದ ನೇಝಾ ಸ್ಕೀಯನ್ನು ಕೆನ್ನೆಗಾನಿಸಿಕೊಂಡು ನಿಂತಳು. ಅವಳನ್ನು ಹಿಂದಿಕ್ಕಬಲ್ಲವಳು ಈಗ ಮೇಲಿನಿಂದ ಇಳಿದು ಬರುತ್ತಿದ್ದ ಇನ್ನೊಬ್ಬಳೇ: ಹತ್ತು ವರ್ಷದಿಂದ ತಂಡದಲ್ಲಿ ಅವಳೊಂದಿಗೆ ಒಂದೇ ಕೋಣೆ ಹಂಚಿಕೊಂಡ ಗೆಳತಿ ಉರ್ಶ್ಕಾ.

ಆ ಉರ್ಶ್ಕಾ ಕೊನೆಯ ತಿರುವಿನಲ್ಲಿ ಜಾರಿ, ಉರುಳುರುಳಿ ಹೋಗಿ ಅಂಚಿನ ಕೆಂಪು ರಕ್ಷಣಾ ಬಲೆಗೆ ಬಡಿದಳು. ಮೇಲೇಳಲೇ ಇಲ್ಲ.

"ಥೂ, ನಿನ್ನ ಜನ್ಮಕ್ಕಿಷ್ಟು!" ಬೇಲಿಯಾಚೆಯಿಂದ ಕೋಚ್ ತಡೇಯ್ ನೇಝಾಳತ್ತ ಕಿರುಚಿದ. "ಪರದೆ ನೋಡೇ!"

ನೇಝಾ ತಲೆಯೆತ್ತಿದಳು. ದೊಡ್ಡ ಪರದೆಯಲ್ಲಿ ಆ ಬೀಳುವಿಕೆಯನ್ನೇ ಮತ್ತೆ ತೋರಿಸುತ್ತಿದ್ದರು. ಪಕ್ಕದಲ್ಲೇ ಉರ್ಶ್ಕಾ ಬಿದ್ದ ಗಳಿಗೆಯ ತನ್ನದೇ ಮುಖ. ಮುಷ್ಟಿ ಮೇಲೆತ್ತಿ, ಹಲ್ಲು ಕಿರಿದು ನಗುತ್ತಿದ್ದಳು. ಸ್ಕೀ ಮಾತ್ರ ಒಂದಿಷ್ಟೂ ವಾಲಿರಲಿಲ್ಲ. ಅವಳು ಸ್ಕೀಯನ್ನು ಮುಖಕ್ಕೆ ಅಡ್ಡ ಹಿಡಿದಳು.

"ಹಾಂ, ಹಾಗೇ ಇರಮ್ಮ," ಎಂದ ಕ್ಯಾಮೆರಾದವನು. "ಈಗ ಹೆಸರು ಚೆನ್ನಾಗಿ ಕಾಣ್ತಿದೆ."